ಸೀಟಿನ ಲಾಟರಿ ನಂಬಿ ಕೂತರೆ ಜೂನ್ ತಿಂಗಳು ಕಾಯುವುದಿಲ್ಲ

ಬಸ್ ಸ್ಟ್ಯಾಂಡಿನ ಗೂಡಂಗಡಿಗಳ ಮುಂದೆ ಲಾಟರಿ ಟಿಕೆಟುಗಳು ಸಾಲಾಗಿ ತೂಗಾಡುತ್ತಿದ್ದ ಕಾಲವೊಂದಿತ್ತು. ಹಾಸನದಲ್ಲಾಗಲಿ ಚನ್ನರಾಯಪಟ್ಟಣದಲ್ಲಾಗಲಿ ಬಸ್ಸಿಗೆ ಕಾಯುವವನು ಬೀಡಿ ಕೊಂಡು ಉಳಿದ ಚಿಲ್ಲರೆಗೆ ಒಂದು ಟಿಕೆಟು ಹರಿಸಿಕೊಂಡು ಜೇಬಿಗೆ ಇಟ್ಟುಕೊಳ್ಳುತ್ತಿದ್ದ. ಬಡವರ ಮನೆ ಹಾಳಾಗುತ್ತಿದೆ ಎಂಬ ಕೂಗೆದ್ದು 2007ರಲ್ಲಿ ರಾಜ್ಯ ಸರ್ಕಾರ ಲಾಟರಿಯನ್ನೇ ನಿಷೇಧಿಸಿತು. ಒಳ್ಳೆಯ ಕೆಲಸವೇ ಆಯಿತು. ಆದರೆ ಐದು ವರ್ಷ ತುಂಬುವಷ್ಟರಲ್ಲಿ ಇನ್ನೊಂದು ಲಾಟರಿ ಬಂತು. ಇದಕ್ಕೆ ಟಿಕೆಟಿನ ದುಡ್ಡಿಲ್ಲ. ಪಣಕ್ಕೆ ಇಡುವುದು ಮಾತ್ರ ಮಗುವಿನ ಓದು.

ಅದೇ ಆರ್‌ಟಿಇ ಸೀಟಿನ ಲಾಟರಿ. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಪಾರ್ಲಿಮೆಂಟಿನಲ್ಲಿ ಪಾಸಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಕಡ್ಡಾಯವಾಗಿ, ಪುಕ್ಕಟೆಯಾಗಿ ವಿದ್ಯೆ ಕೊಡಬೇಕೆಂಬುದು ಅದರ ತಿರುಳು. ಖಾಸಗಿ ಶಾಲೆಗಳು ಶೇಕಡಾ 25 ಸೀಟುಗಳನ್ನು ಹಿಂದುಳಿದವರ, ಬಡವರ ಮಕ್ಕಳಿಗೆ ಬಿಟ್ಟುಕೊಡಬೇಕು, ಅದರ ಖರ್ಚನ್ನು ಸರ್ಕಾರ ಶಾಲೆಗೆ ತುಂಬಿಕೊಡಬೇಕು ಎಂದೂ ಬರೆಯಲಾಯಿತು. ಶಾಲೆಯವರು ಸುಪ್ರೀಂ ಕೋರ್ಟಿಗೆ ಹೋದರು. 2012ರ ಏಪ್ರಿಲ್‌ನಲ್ಲಿ ಕೋರ್ಟು ಕಾಯ್ದೆಯನ್ನೇ ಎತ್ತಿಹಿಡಿಯಿತು. ಆ ವರ್ಷದಿಂದಲೇ ಕರ್ನಾಟಕದಲ್ಲಿ ಸೀಟು ಹಂಚಿಕೆ ಶುರುವಾಯಿತು. ಅರ್ಜಿ ಹೆಚ್ಚು, ಸೀಟು ಕಡಿಮೆ ಆದ ಕಡೆ ಲಾಟರಿ. ಮೊದಮೊದಲು ಚೀಟಿ ಎತ್ತಿದರು, ಆಮೇಲೆ ಕಂಪ್ಯೂಟರೇ ಎತ್ತತೊಡಗಿತು.

ಹೆಸರು ಹಕ್ಕಿನದು, ಕೊಡುವುದು ಅದೃಷ್ಟದ ಮೇಲೆ. ಹಕ್ಕು ಎಂದಮೇಲೆ ಲಾಟರಿ ಯಾಕೆ ಸ್ವಾಮಿ ಎಂದು ಕೇಳಿದವರಿಗೆ ಸರಿಯಾದ ಉತ್ತರ ಇಂದಿಗೂ ಸಿಕ್ಕಿಲ್ಲ.

ಅರ್ಜಿಯ ಅಲೆದಾಟ

ಅರಕಲಗೂಡು ಕಡೆಯ ಹಳ್ಳಿಯಿಂದ ಬಂದು ಹಾಸನದ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ನಿಂತವನೊಬ್ಬ ಇದ್ದಾನೆ ಎಂದಿಟ್ಟುಕೊಳ್ಳಿ. ಇಂಥವರು ಪೇಟೆಯ ಪ್ರತಿ ಬೀದಿಯಲ್ಲೂ ಇದ್ದಾರೆ. ಬೇಸಿಗೆ ಬಂತೆಂದರೆ ಅವನ ಅಲೆದಾಟ ಶುರು. ಜಾತಿ ಮತ್ತು ಆದಾಯದ ಸರ್ಟಿಫಿಕೇಟಿಗೆ ನಾಡಕಚೇರಿ. ಮಗುವಿನ ಆಧಾರ್ ಕಾರ್ಡಿನಲ್ಲಿ ಹೆಸರು ಒಂದಕ್ಷರ ತಪ್ಪಿದ್ದರೆ ಇನ್ನೊಂದು ಸಾಲಿನಲ್ಲಿ ನಿಲ್ಲಬೇಕು. ರೇಷನ್ ಕಾರ್ಡು ಊರಿನ ವಿಳಾಸದಲ್ಲಿದೆ, ಬಾಡಿಗೆ ಮನೆ ಹಾಸನದ ವಾರ್ಡಿನಲ್ಲಿದೆ. ಸೀಟು ಕೊಡುವುದು ಪಟ್ಟಣದಲ್ಲಿ ವಾರ್ಡು ನೋಡಿ, ಹಳ್ಳಿಯಲ್ಲಿ ಕಂದಾಯ ಗ್ರಾಮ ನೋಡಿ. ಊರಲ್ಲಿ ಮನೆ ಇಲ್ಲ, ಇಲ್ಲಿ ದಾಖಲೆ ಇಲ್ಲ. ಸೈಬರ್ ಅಂಗಡಿಯವನು ಅರ್ಜಿ ತುಂಬಿ ಪ್ರಿಂಟು ಕೊಟ್ಟು ತನ್ನ ಕೂಲಿ ತೆಗೆದುಕೊಳ್ಳುತ್ತಾನೆ. ಎರಡು ಮೂರು ದಿನದ ಸಂಬಳ ಹೋಯಿತು. ಕೊನೆಗೆ ಮೊಬೈಲಿಗೆ ಸಂದೇಶ ಬರುವುದೇ ಇಲ್ಲ.

ಇಷ್ಟೆಲ್ಲ ಆದಮೇಲೆ ಅಂಗಡಿಯ ಗಲ್ಲಾಪೆಟ್ಟಿಗೆ ಮುಂದೆ ನಡೆಯುವ ಮಾತು ಹೀಗಿರುತ್ತದೆ:

"ಏನಪ್ಪಾ, ಹೊಡೀತಾ ಲಾಟರಿ?"

"ಎಲ್ಲಿ ಬತ್ತದೆ ಶೆಟ್ರೇ? ನಮ್ಮ ವಾರ್ಡಲ್ಲಿ ಸೀಟೇ ಇಲ್ವಂತೆ. ಸರ್ಕಾರಿ ಸ್ಕೂಲು ಐತಲ್ಲ, ಅಲ್ಲಿಗೇ ಹಾಕು ಅಂದ್ರು."

"ಮತ್ತೆ ಹಾಕು. ಅದ್ರಲ್ಲೇನು?"

"ನಿಮ್ ಮೊಮ್ಮಗನ್ನ ಎಲ್ಲಿಗೆ ಹಾಕಿದ್ರಿ ಶೆಟ್ರೇ?"

ಶೆಟ್ಟರು ರಸೀತಿ ಪುಸ್ತಕ ತಿರುವುತ್ತಾರೆ. ಮಾತು ಅಲ್ಲಿಗೆ ನಿಂತಿತು.

2019ರಲ್ಲಿ ಮುಚ್ಚಿದ ಬಾಗಿಲು

ವಾರ್ಡಿನಲ್ಲಿ ಸೀಟೇ ಇಲ್ಲ ಎಂಬುದು ಗುಮಾಸ್ತನ ಸಬೂಬಲ್ಲ. 2019ರ ಜನವರಿ ಕೊನೆಯಲ್ಲಿ ರಾಜ್ಯ ಸರ್ಕಾರ ತನ್ನ ನಿಯಮವನ್ನೇ ತಿದ್ದಿತು. ನೆರೆಹೊರೆಯಲ್ಲಿ ಸರ್ಕಾರಿ ಶಾಲೆಯಾಗಲಿ ಅನುದಾನಿತ ಶಾಲೆಯಾಗಲಿ ಇದ್ದರೆ ಅಲ್ಲಿಯ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟು ಕೊಡಬೇಕಾಗಿಲ್ಲ ಎಂಬುದು ಹೊಸ ನಿಯಮ. ಸರ್ಕಾರಿ ಶಾಲೆ ಇಲ್ಲದ ವಾರ್ಡು, ಹಳ್ಳಿ ಎಷ್ಟಿದ್ದಾವು? ಅದಕ್ಕೂ ಮೊದಲು ರಾಜ್ಯದಲ್ಲಿ ಲಕ್ಷಕ್ಕೂ ಮಿಕ್ಕಿದ್ದ ಸೀಟುಗಳು ಒಂದೇ ವರ್ಷದಲ್ಲಿ ಕೆಲವೇ ಸಾವಿರಕ್ಕೆ ಇಳಿದವು. ಪೋಷಕರ ಕಡೆಯವರು ಹೈಕೋರ್ಟಿಗೆ ಹೋದರು. 2019ರ ಮೇ 31ರಂದು ಹೈಕೋರ್ಟು ಸರ್ಕಾರದ ತಿದ್ದುಪಡಿಯೇ ಸರಿ ಎಂದಿತು. ಮಹಾರಾಷ್ಟ್ರ ಸರ್ಕಾರವೂ 2024ರಲ್ಲಿ ಇಂಥದೇ ದಾರಿ ಹಿಡಿಯಿತು. ಅಲ್ಲಿ ಬಾಂಬೆ ಹೈಕೋರ್ಟು ಆ ವರ್ಷದ ಜುಲೈನಲ್ಲಿ ಅದನ್ನು ಹೊಡೆದುಹಾಕಿತು, ಸುಪ್ರೀಂ ಕೋರ್ಟು ಆಗಸ್ಟಿನಲ್ಲಿ ಮಧ್ಯೆ ಬರಲು ಒಪ್ಪಲಿಲ್ಲ. ಒಂದೇ ಕಾಯ್ದೆ. ಗಡಿಯ ಆಚೆ ಒಂದು ನ್ಯಾಯ, ಈಚೆ ಒಂದು ನ್ಯಾಯ.

ಸರ್ಕಾರದ ವಾದದಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ಒಂದನೇ ತರಗತಿಯ ಒಂದು ಮಗುವಿಗೆ ವರ್ಷಕ್ಕೆ 16 ಸಾವಿರ ರೂಪಾಯಿವರೆಗೆ ಖಾಸಗಿ ಶಾಲೆಗೆ ಕಟ್ಟುತ್ತಾ ಹೋದರೆ ಪಕ್ಕದ ಸರ್ಕಾರಿ ಶಾಲೆ ಖಾಲಿಯಾಗುತ್ತದೆ. ತನ್ನ ಅಂಗಡಿಯ ಗಿರಾಕಿಯನ್ನು ಬಾಡಿಗೆ ಕೊಟ್ಟು ಎದುರು ಅಂಗಡಿಗೆ ಕಳಿಸಿದ ಹಾಗೆ. ಯಾವ ವ್ಯಾಪಾರಿಯೂ ಮಾಡದ ಕೆಲಸ ಅದು. ಆದರೆ ಗಿರಾಕಿಯನ್ನು ವಾಪಸು ಕರೆದವನು ಅಂಗಡಿಯಲ್ಲಿ ಮಾಲು ಇಡಬೇಕಲ್ಲ? ಬಾಗಿಲು ತೆಗೆದು ಖಾಲಿ ಕಪಾಟು ತೋರಿಸಿದರೆ ಯಾರು ಬರುತ್ತಾರೆ?

ಬೇಟೆಗಾರನಿಗೆ ಇರುವ ಅನುಕೂಲ ಮಗುವಿಗಿಲ್ಲ

ಲಾಟರಿ ಎತ್ತಿ ಅವಕಾಶ ಹಂಚುವ ಪದ್ಧತಿ ಬೇರೆ ಕಡೆಯೂ ಉಂಟು. ಇಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಬೇಟೆಯ ಮಾತೇ ಎತ್ತುವಂತಿಲ್ಲ. ಅಮೆರಿಕದ ಪಶ್ಚಿಮದ ರಾಜ್ಯಗಳಲ್ಲಿ ಮಾತ್ರ ಬೇಟೆ ಇಂದಿಗೂ ಕಾನೂನಿನೊಳಗಿದೆ. ಎಲ್ಕ್ ಎಂಬ ದೊಡ್ಡ ಜಿಂಕೆಯನ್ನು ಹೊಡೆಯಲು ಸರ್ಕಾರದ ಟ್ಯಾಗು ಬೇಕು. ಒಳ್ಳೆಯ ಕಾಡುಗಳಿಗೆ ಬೇಡಿಕೆ ಹೆಚ್ಚು, ಆದ್ದರಿಂದ ಲಾಟರಿ. ಅಲ್ಲಿಯ ಬೇಟೆಗಾರರೂ ವರ್ಷಗಟ್ಟಲೆ ಅರ್ಜಿ ಹಾಕಿ ಹಾಕಿ ರೋಸಿಹೋಗಿ ಬೈದುಕೊಳ್ಳುತ್ತಾರೆ.

ಆದರೂ ಕೊಲರಾಡೊದಂಥ ರಾಜ್ಯದಲ್ಲಿ ಒಂದು ನ್ಯಾಯ ಇದೆ. ಈ ವರ್ಷ ಟ್ಯಾಗು ಸಿಗದವನ ಹೆಸರಿಗೆ ಒಂದು ಪಾಯಿಂಟು ಜಮಾ ಆಗುತ್ತದೆ. ಮುಂದಿನ ಸಲ ಪಾಯಿಂಟು ಹೆಚ್ಚಿದ್ದವನಿಗೆ ಮೊದಲ ಆದ್ಯತೆ. ಮಿಕ್ಕಿ ಉಳಿದ ಟ್ಯಾಗುಗಳ ಪಟ್ಟಿಯನ್ನು ಹೊರಗೆ ಹಾಕುತ್ತಾರೆ, ಬೇಕಾದವನು ಬಂದು ಕೊಳ್ಳಬಹುದು. ಹೆಚ್ಚು ಖರ್ಚು ಮಾಡಲಾರದವರು ದೊಡ್ಡ ಕೊಂಬಿನ ಗಂಡು ಎಲ್ಕ್‌ನ ಆಸೆ ಬಿಟ್ಟು ಸುಲಭವಾಗಿ ಸಿಗುವ ಹೆಣ್ಣು ಎಲ್ಕ್‌ನ ಟ್ಯಾಗು ತೆಗೆದುಕೊಳ್ಳುತ್ತಾರೆ. ಗೋಡೆಗೆ ನೇತುಹಾಕಲು ಕೊಂಬು ಸಿಗುವುದಿಲ್ಲ, ಮನೆಗೆ ಮಾಂಸವಂತೂ ಬರುತ್ತದೆ.

ಜಿಂಕೆ ಹೊಡೆಯುವವನಿಗೆ ಸಿಗುವ ಈ ಅನುಕೂಲ ಹಾಸನದ ಮಗುವಿಗೆ ಇಲ್ಲ. ಈ ಸಲ ಲಾಟರಿ ಹೊಡೆಯದ ಮಗುವಿಗೆ ಯಾವ ಪಾಯಿಂಟೂ ಇಲ್ಲ. ಸೀಟು ಕೊಡುವುದು ಶಾಲೆಯ ಮೊದಲ ಮೆಟ್ಟಿಲಲ್ಲಿ ಮಾತ್ರ. ಎಲ್‌ಕೆಜಿ ಇರುವ ಕಡೆ ಎಲ್‌ಕೆಜಿಗೆ, ಇಲ್ಲದ ಕಡೆ ಒಂದನೇ ತರಗತಿಗೆ. ಮುಂದಿನ ವರ್ಷ ಮಗುವಿನ ವಯಸ್ಸು ದಾಟಿರುತ್ತದೆ. ಜಿಂಕೆ ಕಾಡಿನಲ್ಲೇ ಇರುತ್ತದೆ, ಮಗು ಬೆಳೆಯದೆ ಇರುತ್ತದೆಯೇ?

ಸಿಕ್ಕವರ ಕಥೆಯೂ ಪೂರ್ತಿ ಸುಖಾಂತವಲ್ಲ. ಕಾಯ್ದೆಯ ರಕ್ಷಣೆ ಎಂಟನೇ ತರಗತಿಗೆ ಮುಗಿಯುತ್ತದೆ. ಒಂಬತ್ತಕ್ಕೆ ಬಂದಾಗ ಫೀಸಿನ ಚೀಟಿ ಮನೆಗೆ ಬರುತ್ತದೆ. ಎಂಟು ವರ್ಷ ಒಂದೇ ಶಾಲೆಯಲ್ಲಿ ಸ್ನೇಹಿತರ ಜೊತೆ ಬೆಳೆದ ಮಗುವನ್ನು ಎಸ್ಸೆಸ್ಸೆಲ್ಸಿಯ ಹೊಸ್ತಿಲಲ್ಲಿ ಕಿತ್ತು ಬೇರೆ ಕಡೆ ಹಾಕುವುದೋ, ಸಾಲ ಮಾಡಿ ಅಲ್ಲೇ ಓದಿಸುವುದೋ? ಒಡವೆ ಅಡ ಇಟ್ಟು, ಚೀಟಿ ಎತ್ತಿ ಫೀಸು ಕಟ್ಟಿದ ತಾಯಂದಿರು ಯಾವ ಊರಲ್ಲಿಲ್ಲ?

ಹಿತ್ತಲ ಗಿಡ

ಹಾಗಾದರೆ ಕೈಗೆಟುಕುವ ದಾರಿ ಯಾವುದು? ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಸರ್ಕಾರಿ ಶಾಲೆಗೆ ಒಪ್ಪಿದಷ್ಟು ಬೇರೆ ಯಾವುದಕ್ಕೂ ಒಪ್ಪುವುದಿಲ್ಲ. ಫೀಸಿಲ್ಲ. ಪುಸ್ತಕ, ಯೂನಿಫಾರಂ ಇಲಾಖೆಯದು. ಮಧ್ಯಾಹ್ನದ ಬಿಸಿಯೂಟ ಇದೆ. 2013ರ ಆಗಸ್ಟಿನಿಂದ ಕ್ಷೀರಭಾಗ್ಯದ ಹಾಲು ಇದೆ. ಮೊಟ್ಟೆ, ಬಾಳೆಹಣ್ಣು ಬಂದಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಖರ್ಚೂ ಇಲ್ಲ. ಪಕ್ಕದ ಖಾಸಗಿ ಶಾಲೆಯ ವ್ಯಾನಿಗೆ ತಿಂಗಳು ತಿಂಗಳು ಕೊಡುವ ದುಡ್ಡಿನಲ್ಲಿ ಒಂದು ಮನೆಯ ಹಾಲಿನ ಲೆಕ್ಕ ತೀರುತ್ತದೆ.

ಇಂಗ್ಲಿಷ್ ಬೇಡವೇ ಎಂದು ಕೇಳುತ್ತಾರೆ. ಬೇಕು, ಬಡವನ ಮಗುವಿಗೇ ಹೆಚ್ಚು ಬೇಕು. 2019-20ರಲ್ಲಿ ರಾಜ್ಯದ 1000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆದಾಗ ಸಾಹಿತಿಗಳು ವಿರೋಧಿಸಿದರು, ಪೋಷಕರು ಸಾಲು ನಿಂತರು. ಅದಕ್ಕೂ ಒಂದು ವರ್ಷ ಮೊದಲು ಕರ್ನಾಟಕ ಪಬ್ಲಿಕ್ ಶಾಲೆಗಳು ಬಂದವು. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಕಾಂಪೌಂಡಿನಲ್ಲಿ ಓದು. ಅಂಥ ಶಾಲೆ ಹತ್ತಿರದಲ್ಲಿರುವ ಪೋಷಕ ಲಾಟರಿಯ ಮುಖ ನೋಡುವ ಅಗತ್ಯವೇ ಇಲ್ಲ. ಮೊದಲು ಅಲ್ಲಿಗೆ ಹೋಗಿ ವಿಚಾರಿಸಲಿ.

ಇನ್ನೂ ಒಂದು ದಾರಿ ಐದನೇ ತರಗತಿ ಮುಗಿದ ಮೇಲೆ ತೆರೆಯುತ್ತದೆ. ಹೊಳೆನರಸೀಪುರ ತಾಲ್ಲೂಕಿನ ಮಾವಿನಕೆರೆಯಲ್ಲಿ ಜಿಲ್ಲೆಯ ಜವಾಹರ್ ನವೋದಯ ವಿದ್ಯಾಲಯ ಇದೆ. ಆರನೇ ತರಗತಿಗೆ ಪರೀಕ್ಷೆ ಬರೆದು ಸೇರಬೇಕು. ನವೋದಯದ ಸೀಟಿನಲ್ಲಿ ಕನಿಷ್ಠ ಮುಕ್ಕಾಲು ಪಾಲು ಹಳ್ಳಿಯ ಮಕ್ಕಳಿಗೇ ಮೀಸಲು. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿಗೂ ಆರನೇ ತರಗತಿಗೆ ಪರೀಕ್ಷೆ ಇದೆ. ಎಲ್ಲರಿಗೂ ಸಿಗುತ್ತದೆ ಎಂದಲ್ಲ. ಆದರೆ ಇಲ್ಲಿ ಮಗುವಿನ ಓದಿಗೆ ಬೆಲೆಯಿದೆ, ಕಂಪ್ಯೂಟರಿನ ಮರ್ಜಿಗಲ್ಲ. ನವೋದಯದ ಪರೀಕ್ಷೆ ಬರೆಯಲು ಸಿಗುವುದು ಒಂದೇ ಅವಕಾಶ. ನಾಲ್ಕನೇ ತರಗತಿಯಿಂದಲೇ ಮಗುವನ್ನು ತಯಾರು ಮಾಡುವ ಮೇಷ್ಟ್ರು ಊರಲ್ಲಿದ್ದರೆ ಅಂಥವರನ್ನು ಹುಡುಕಿಕೊಂಡು ಹೋಗಬೇಕು.

ಹಾಸನ ಜಿಲ್ಲೆಗೆ ಓದು ಹೊಸದೇನಲ್ಲ. 2019ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಹಾಸನ ರಾಜ್ಯಕ್ಕೇ ಮೊದಲು ಬಂತು. ಆ ಕೀರ್ತಿ ಯಾರದೆಂದು ದೊಡ್ಡವರು ಕಚ್ಚಾಡಿಕೊಂಡರು. ಪರೀಕ್ಷೆ ಬರೆದವರಲ್ಲಿ ಸರ್ಕಾರಿ ಹೈಸ್ಕೂಲಿನ ಮಕ್ಕಳೂ ಇದ್ದರು ಎಂಬುದನ್ನು ಯಾರೂ ಗಟ್ಟಿಯಾಗಿ ಹೇಳಲಿಲ್ಲ. ಅದೇ ವರ್ಷ ಸೀಟಿನ ಬಾಗಿಲು ಮುಚ್ಚಿದ್ದು, ಅದೇ ವರ್ಷ ಜಿಲ್ಲೆ ಮೊದಲು ಬಂದದ್ದು. ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಖಾಲಿ ಕಪಾಟಿನ ಲೆಕ್ಕ

ಹಾಗೆಂದು ಸರ್ಕಾರಿ ಶಾಲೆಗೆ ಬರೀ ಹೂಮಾಲೆ ಹಾಕಿ ಕೂರುವಂತಿಲ್ಲ. ಜನ ಅಲ್ಲಿಂದ ಓಡಿದ್ದು ಕೊಬ್ಬಿನಿಂದಲ್ಲ. ಶಾಲೆ ಶುರುವಾಗಿ ವಾರಗಳು ಕಳೆದರೂ ಅತಿಥಿ ಶಿಕ್ಷಕರು ಬಂದಿರುವುದಿಲ್ಲ. ಬಂದ ಮೇಷ್ಟ್ರನ್ನು ಗಣತಿಗೆ, ಚುನಾವಣೆಗೆ ಎಳೆದುಕೊಂಡು ಹೋಗುತ್ತಾರೆ. ಒಂದರಿಂದ ಮೂರನೇ ತರಗತಿವರೆಗಿನ ನಲಿ-ಕಲಿ ಮಕ್ಕಳು ಒಂದೇ ಕೋಣೆಯಲ್ಲಿ. ಮಳೆ ಬಂದರೆ ಹೆಂಚಿನ ಕೆಳಗೆ ಬಕೀಟು. ಎಲ್ಲಕ್ಕಿಂತ ದೊಡ್ಡ ತೂತು ಎಲ್‌ಕೆಜಿಯದು. ಮೂರೂವರೆ ವರ್ಷದ ಮಗುವನ್ನು ತಾಯಿ ಎಲ್ಲಾದರೂ ಸೇರಿಸಲೇಬೇಕು. ಹತ್ತಿರದ ಸರ್ಕಾರಿ ಶಾಲೆಯಲ್ಲಿ ಎಲ್‌ಕೆಜಿ ಇಲ್ಲ. ಖಾಸಗಿಯವರ ಬಸ್ಸು ಮನೆ ಬಾಗಿಲಿಗೆ ಬರುತ್ತದೆ. ಟೈ ಕಟ್ಟಿಕೊಂಡು ಹತ್ತಿದ ಮಗು ಒಂದನೇ ತರಗತಿಗೆ ಇಳಿದು ವಾಪಸು ಬಂದೀತೇ? ಈಚಿನ ವರ್ಷಗಳಲ್ಲಿ ಆಯ್ದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುತ್ತಿದ್ದಾರೆ. ಆಯ್ದ ಎಂಬ ಮಾತೇ ಹೋಗಬೇಕು.

ಕಾನೂನಿನ ಲೆಕ್ಕ ಸ್ಪಷ್ಟವಾಗಿದೆ. ಅದೇ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಕಿರಿಯ ಪ್ರಾಥಮಿಕ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಇರಲೇಬೇಕು. ಕುಡಿಯುವ ನೀರು, ಹುಡುಗ ಹುಡುಗಿಯರಿಗೆ ಬೇರೆ ಬೇರೆ ಶೌಚಾಲಯ, ಆಟದ ಬಯಲು, ಲೈಬ್ರರಿ ಇರಬೇಕು. ಖಾಸಗಿ ಸೀಟು ಕೊಡುವುದಿಲ್ಲ, ಪಕ್ಕದಲ್ಲಿ ನಮ್ಮ ಶಾಲೆ ಇದೆ ಎಂದು 2019ರಲ್ಲಿ ಹೇಳಿದ್ದು ಸರ್ಕಾರವೇ. ಆ ಮಾತು ಆಡಿದ ದಿನದಿಂದ ಪಕ್ಕದ ಆ ಶಾಲೆಯನ್ನು ಸರಿಯಾಗಿ ಇಡುವುದು ಅದರ ಸಾಲ. ಸಾಲ ತೀರಿಸಲು ಕೇಳುವುದು ಭಿಕ್ಷೆಯಲ್ಲ.

ಈಗ ಆಗಬೇಕಾದ್ದು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ನಾಲ್ಕೂ ಕಡೆ ಬಿಇಒ ಕಚೇರಿಗಳಿವೆ. ಅರ್ಜಿ ಕರೆಯುವ ಮೊದಲೇ ಯಾವ ವಾರ್ಡಿನಲ್ಲಿ, ಯಾವ ಹಳ್ಳಿಯಲ್ಲಿ, ಯಾವ ಶಾಲೆಯಲ್ಲಿ ಎಷ್ಟು ಆರ್‌ಟಿಇ ಸೀಟು ಇದೆ ಎಂಬ ಪಟ್ಟಿಯನ್ನು ಕಚೇರಿಯ ಗೋಡೆಗೆ, ಬಸ್ ಸ್ಟ್ಯಾಂಡಿನ ಗೋಡೆಗೆ ಅಂಟಿಸಲಿ. ಕಂಪ್ಯೂಟರಿನಲ್ಲಿ ಇದೆ ನೋಡಿಕೊಳ್ಳಿ ಎಂದರೆ ಸಾಲದು. ಸೀಟೇ ಇಲ್ಲದ ವಾರ್ಡಿನವನು ಸುಮ್ಮನೆ ಮೂರು ದಿನದ ಕೂಲಿ ಕಳೆದುಕೊಳ್ಳುವುದು ತಪ್ಪುತ್ತದೆ. ಸೀಟು ಇದ್ದೂ ಅರ್ಜಿ ಬಾರದೆ ಖಾಲಿ ಉಳಿಯುವ ಕಡೆಗೂ ಜನ ಹೋಗುತ್ತಾರೆ. ಅಮೆರಿಕದವರು ಉಳಿದ ಟ್ಯಾಗಿನ ಪಟ್ಟಿ ಹಾಕುವುದಾದರೆ ಇಲ್ಲಿ ಉಳಿದ ಸೀಟಿನ ಪಟ್ಟಿ ಹಾಕಲು ಏನು ಅಡ್ಡಿ?

ಅತಿಥಿ ಶಿಕ್ಷಕರ ನೇಮಕ ಶಾಲೆ ಬಾಗಿಲು ತೆಗೆಯುವ ದಿನಕ್ಕೆ ಮುಗಿದಿರಲಿ. ಬಸ್ ಡಿಪೋದವರು ಬೆಳಗಿನ ಒಂದು ಬಸ್ಸಿನ ಟೈಮನ್ನು ಶಾಲೆಯ ಗಂಟೆಗೆ ಹೊಂದಿಸಲಿ. ದಿನಾ ಅದೇ ಬಸ್ಸಿನಲ್ಲಿ ಓಡಾಡುವ ಪ್ರಯಾಣಿಕರೇ ನಾಲ್ಕು ಜನ ಸೇರಿ ಅರ್ಜಿ ಕೊಟ್ಟರೆ ಅದಕ್ಕೂ ತೂಕ ಬರುತ್ತದೆ.

ಪೋಷಕರ ಕೆಲಸವೂ ಇದೆ. ಪ್ರತಿ ಸರ್ಕಾರಿ ಶಾಲೆಗೆ ಎಸ್‌ಡಿಎಂಸಿ ಎಂಬ ಸಮಿತಿ ಇದೆ. ಕಾಯ್ದೆಯ ಪ್ರಕಾರ ಅದರ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು. ಆ ಜಾಗವನ್ನು ಊರಿನ ಪುಢಾರಿಗಳಿಗೆ ಬಿಟ್ಟು ಮನೆಯಲ್ಲಿ ಕೂತು ಶಾಲೆಯನ್ನು ಬೈದರೆ ಪ್ರಯೋಜನವಿಲ್ಲ. ಸಮಿತಿಯಲ್ಲಿ ಕೂತ ತಾಯಿ ಬಿಸಿಯೂಟದ ಸಾರನ್ನು ಬಾಯಿಗೆ ಹಾಕಿ ನೋಡಬಹುದು, ಮೇಷ್ಟ್ರು ಯಾಕೆ ಬಂದಿಲ್ಲ ಎಂದು ಕೇಳಬಹುದು, ಬಕೀಟಿನ ಮೇಲಿನ ಹೆಂಚು ಯಾವಾಗ ಬದಲಾಗುತ್ತದೆ ಎಂದು ನಡಾವಳಿ ಪುಸ್ತಕದಲ್ಲಿ ಬರೆಸಬಹುದು. ಖಾಸಗಿ ಶಾಲೆಯಲ್ಲಿ ಫೀಸು ಕಟ್ಟಿದವನಿಗೂ ಇಷ್ಟು ಅಧಿಕಾರ ಇಲ್ಲ.

ಅಂಗಡಿಯವರಿಗೂ ಒಂದು ಮಾತು. ಪೇಟೆಯ ಎಷ್ಟೋ ಯಜಮಾನರು ಓದಿದ್ದು ಸರ್ಕಾರಿ ಶಾಲೆಯಲ್ಲೇ. ವರ್ಷಕ್ಕೊಮ್ಮೆ ಗಣಪತಿ ಪೆಂಡಾಲಿಗೆ ಕೊಡುವುದರಲ್ಲಿ ಒಂದು ಪಾಲು ಓದಿದ ಶಾಲೆಗೆ ಹೋದರೆ ಒಂದು ಕೋಣೆಗೆ ಸುಣ್ಣ ಆಗುತ್ತದೆ, ಒಂದು ನಲ್ಲಿ ಸರಿಯಾಗುತ್ತದೆ. ಅಂಗಡಿಯ ಕೆಲಸದ ಹುಡುಗ ಮಗುವನ್ನು ಶಾಲೆಗೆ ಸೇರಿಸಲು ಅರ್ಧ ದಿನ ರಜ ಕೇಳಿದರೆ ಸಂಬಳ ಹಿಡಿಯದೆ ಕಳಿಸಲಿ. ಅದಕ್ಕೆ ಯಾವ ಯೋಜನೆಯೂ ಬೇಡ, ಯಾವ ಆದೇಶವೂ ಬೇಡ.

ಗೋಡೆಗೆ ಕೊಂಬು ಬೇಕೋ, ಮಗುವಿಗೆ ಅಕ್ಷರ ಬೇಕೋ ಎಂಬುದನ್ನು ಮನೆಯವರು ತೀರ್ಮಾನಿಸಲಿ. ಸೀಟು ಇದ್ದ ಕಡೆ ಅರ್ಜಿ ಹಾಕಲಿ, ಬಂದರೆ ಸಂತೋಷ. ಆದರೆ ಮೊಬೈಲಿನ ಸಂದೇಶ ಕಾಯುತ್ತಾ ಜೂನ್ ಕಳೆಯುವುದು ಬೇಡ. ಶಾಲೆ ತೆರೆದ ವಾರದಲ್ಲೇ ಹತ್ತಿರದ ಸರ್ಕಾರಿ ಶಾಲೆಯ ಬಾಗಿಲಿಗೆ ಹೋಗಿ ಮೇಷ್ಟ್ರು ಎಷ್ಟು ಜನ, ಮಕ್ಕಳು ಎಷ್ಟು ಜನ ಎಂದು ಕೇಳಲಿ. ಮಗುವನ್ನು ಸೇರಿಸಿ, ತಾವೂ ಸಮಿತಿಯಲ್ಲಿ ಕೂರಲಿ. ಕಡಿಮೆ ಬಿದ್ದ ಮೇಷ್ಟ್ರ ಲೆಕ್ಕವನ್ನು ಕಾಗದದ ಮೇಲೆ ಬರೆದು ಬಿಇಒ ಕಚೇರಿಗೆ ಕೊಟ್ಟು ಮೊಹರು ಹಾಕಿಸಿಕೊಂಡು ಬರಲಿ. ಒಬ್ಬನೇ ಹೋದರೆ ನಾಳೆ ಬಾ ಎನ್ನುತ್ತಾರೆ. ಹತ್ತು ಜನ ಹೋದರೆ ಕುರ್ಚಿ ಹಾಕುತ್ತಾರೆ.